ಚೆಂಡು ಬಾರದ ಕಡೆ

ನಾನು ವಾಡಿಯ ಶಾಲೆಯೊಂದರಲ್ಲಿ ಪಿ.ಟಿ. ಮಾಸ್ತರ. ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತೇನೆ. ಚೆಂಡನ್ನು ಬುಟ್ಟಿಗೆ ಹಾಕುವುದನ್ನು ಯಾರು ಬೇಕಾದರೂ ಕಲಿಸಬಹುದು, ಚೆಂಡು ಇಲ್ಲದ ಕಡೆ ನಿಂತು, ಎದುರಾಳಿಗೆ ಚೆಂಡು ಸಿಗದಂತೆ ಕಾಯುವುದನ್ನು ಕಲಿಸುವವನೇ ಮಾಸ್ತರ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದವನೂ ನಾನೇ.

ಎಲ್ಲ ಮಕ್ಕಳ ಕಣ್ಣೂ ಚೆಂಡಿನ ಹಿಂದೆಯೇ ಓಡುತ್ತವೆ. ಅದಕ್ಕೇ ಬೆರಳಿನ ಪಾಠ ಮಾಡುತ್ತಿದ್ದೆ. ಒಂದು ಕೈಯ ಬೆರಳು ಚೆಂಡಿನತ್ತ, ಇನ್ನೊಂದರದು ನೀವು ಕಾಯುವ ಹುಡುಗಿಯತ್ತ. ಚೆಂಡು ಸರಿದಂತೆ ನೀವೂ ಸರಿಯಬೇಕು. ಜೊತೆಗಾತಿ ಎಡವಿದರೆ ನಿಮ್ಮ ಜಾಗ ಬಿಟ್ಟು ಓಡಿ ಹೋಗಿ ಅವಳನ್ನು ಉಳಿಸಬೇಕು.

"ಚಲೋ ಕಾದ್ರ ನಿಮ್ಮ ಹುಡುಗಿಗಿ ಚೆಂಡೇ ಬರಂಗಿಲ್ಲ. ಅದು ಯಾರ ಕಣ್ಣಿಗೂ ಕಾಣಂಗಿಲ್ಲ, ಯಾರೂ ಶಾಬಾಸ್ ಅನ್ನಂಗಿಲ್ಲ. ನಾ ಅಂತೀನಿ," ಎಂದು ಮಾತು ಕೊಟ್ಟಿದ್ದೆ.

ಈ ಪಾಠ ಮೈಗೆ ಹತ್ತಿದ್ದು ಒಬ್ಬಳಿಗೆ ಮಾತ್ರ. ಒಂಬತ್ತನೆಯ ತರಗತಿಯ ಹುಡುಗಿ, ಪ್ರ್ಯಾಕ್ಟೀಸಿಗೆಂದು ನಾಲವಾರದಿಂದ ಮುಂಜಾನೆಯ ಪ್ಯಾಸೆಂಜರ್ ಹಿಡಿದು ಬರುತ್ತಿದ್ದಳು. ರೈಲಿನಲ್ಲೂ ಬೆರಳು ಚಾಚಿಕೊಂಡೇ ಕೂರುತ್ತಾಳೆ ಎಂದು ಗೆಳತಿಯರು ಚೇಷ್ಟೆ ಮಾಡುತ್ತಿದ್ದರು.

ಸೇಡಂ ಕಡೆಯ ತಂಡದೊಂದಿಗೆ ನಮ್ಮ ಅಂಗಳದಲ್ಲೇ ಪಂದ್ಯವಿದ್ದ ದಿನ ಅವಳ ತಾಯಿಯೂ ಬಂದರು. "ಇವತ್ತ ನೋಡ್ತೀನ್ರಿ ಸರ. ಆಟದಾಗ ಏನರ ಮಾಡಿದ್ರ ಮುಂದೂ ಕಳಸ್ತೀನಿ. ಇಲ್ಲಂದ್ರ ಸಾಕ್ರಿ. ನಸಿಕಿನ್ಯಾಗ ಒಬ್ಬಾಕೀನ ರೈಲಿಗಿ ಕಳಸಬೇಕಂದ್ರ ಭಾಳ ಅಂಜಿಕಿ ಬರ್ತದ," ಎಂದರು. ನೋಡ್ರಿ ನೋಡ್ರಿ ಎಂದು ನಕ್ಕೆ.

ಎದುರಾಳಿಗಳಲ್ಲಿ ಒಬ್ಬಳು ಎತ್ತರದ ಹುಡುಗಿ. ಅವಳನ್ನು ಕಾಯಲು ಇವಳನ್ನೇ ನಿಲ್ಲಿಸಿದ್ದೆ. ಕೊನೆಯ ಕ್ವಾರ್ಟರಿನ ಹೊತ್ತಿಗೆ ನಾವು ಏಳು ಪಾಯಿಂಟ್ ಮುಂದಿದ್ದೆವು. ಆದರೂ ನನಗೆ ತಾಳ್ಮೆ ಇರಲಿಲ್ಲ, ನನ್ನ ಕಣ್ಣು ಚೆಂಡಿನ ಮೇಲೆಯೇ ಇತ್ತು. ಚೆಂಡಿನ ಹತ್ತಿರ ಒಮ್ಮೆಯೂ ಕಾಣದ ಇವಳ ಮೇಲೆ ಸಿಟ್ಟು ನೆತ್ತಿಗೇರಿತು.

"ಏ, ಕಂಬದಂಗ ನಿಂತೀ ಏನು? ಚೆಂಡ ನೋಡಿದ್ರ ಅಂಜಿಕಿ ಬರ್ತದೇನು? ಹೊರಗ ಬಾ!" ಇಡೀ ಅಂಗಳಕ್ಕೆ ಕೇಳುವಂತೆ ಕೂಗಿ ಬೇರೊಬ್ಬಳನ್ನು ಒಳಗೆ ಕಳಿಸಿದೆ.

ಅಲ್ಲಿಯವರೆಗೆ ಚೆಂಡನ್ನೇ ಮುಟ್ಟದಿದ್ದ ಎತ್ತರದ ಹುಡುಗಿ ಆಮೇಲೆ ನಾಲ್ಕು ಸಲ ಬುಟ್ಟಿಗೆ ಹಾಕಿದಳು. ಎರಡನೆಯದಕ್ಕೇ ನನಗೆ ಎಲ್ಲ ತಿಳಿಯಿತು. ಪಕ್ಕದ ಬೆಂಚಿನಲ್ಲಿ ಇವಳು ಎರಡೂ ಬೆರಳು ಚಾಚಿಕೊಂಡು ಕೂತಿದ್ದಳು, ಒಂದು ಚೆಂಡಿನತ್ತ, ಇನ್ನೊಂದು ಆ ಹುಡುಗಿಯತ್ತ. ಮತ್ತೆ ಒಳಗೆ ಕಳಿಸಬಹುದಿತ್ತು. ಕಳಿಸಿದರೆ ತಪ್ಪು ನನ್ನದೆಂದು ಎಲ್ಲರೆದುರು ಒಪ್ಪಿಕೊಂಡಂತಾಗುತ್ತದಲ್ಲ ಎಂದು ಕಳಿಸಲಿಲ್ಲ. ಒಂದೇ ಪಾಯಿಂಟಿನಿಂದ ಸೋತೆವು.

ತಾಯಿ ಬಂದು ಮೆಲ್ಲಗೆ ಕೇಳಿದರು: "ನನ್ನ ಮಗಳು ಏನ್ ತಪ್ಪ ಮಾಡಿದ್ಳರಿ ಸರ?"

"ಸುಮ್ಮ ನಿಂತಿದ್ಳರಿ ಅಕ್ಕಾರ," ಎಂದೆ. ಆ ಮಾತು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹುಡುಗಿ ನನ್ನ ಮುಖ ನೋಡಿದಳು. ನಾನು ಹೇಳಿದ್ದು ಸುಳ್ಳೆಂದು ಅವಳಿಗೆ ಗೊತ್ತಿತ್ತು, ಅದು ನನಗೂ ಗೊತ್ತಾಯಿತು. "ಹೌದವ್ವ, ನಂದೇ ತಪ್ಪ. ಸರ ಮೊದಲೇ ಹೇಳಿದ್ರು," ಎಂದಳು. ತನ್ನ ಜಾಗ ಬಿಟ್ಟು ಓಡಿ ಬಂದು ನನ್ನನ್ನು ಉಳಿಸಿದಳು.

"ಆತ್ ಬಿಡ್ರಿ ಸರ, ನೋಡ್ದಂಗಾತು," ಎಂದು ತಾಯಿ ಮಗಳ ಕೈಹಿಡಿದು ಸ್ಟೇಷನ್ನಿನ ಕಡೆ ನಡೆದರು.

ಅವಳು ಈಗಲೂ ಶಾಲೆಗೆ ಬರುತ್ತಾಳೆ, ಆದರೆ ಮುಂಜಾನೆಯ ರೈಲಿಗಲ್ಲ, ಅದರ ನಂತರದ್ದಕ್ಕೆ. ಎದುರಾದರೆ ನಮಸ್ಕಾರ ಮಾಡುತ್ತಾಳೆ. ನಾಲವಾರ ದೂರವೇನಿಲ್ಲ. ಅವರ ಮನೆಗೆ ಹೋಗಿ, ನಿಮ್ಮ ಮಗಳಷ್ಟು ಚೆನ್ನಾಗಿ ಕಾದವರು ನನ್ನ ತಂಡದಲ್ಲೇ ಇರಲಿಲ್ಲ ಎಂದು ಹೇಳಿ ಬರಬಹುದು. ಎರಡು ಸಲ ಟಿಕೆಟ್ ತೆಗೆಸಿದ್ದೇನೆ. ಎರಡೂ ಸಲ ರೈಲು ಬಂತು, ನಿಂತಿತು, ಹೋಯಿತು. ನಾನು ಪ್ಲಾಟ್‌ಫಾರ್ಮಿನ ಮೇಲೆ ಸುಮ್ಮನೆ ನಿಂತಿದ್ದೆ.