ಭದ್ರಾ ಹಿನ್ನೀರಿನ ಮೇಲೆ ಹೇಳಿಸಿದ ಮಾತು

ಅಕ್ಕ, ಆ ವಿಮಾನದ ಎಂಜಿನ್ ತಾನಾಗಿ ನಿಲ್ಲಲಿಲ್ಲ. ನಾನು ನಿಲ್ಲಲು ಬಿಟ್ಟೆ. ಒಂದು ಕಾಲಕ್ಕೆ ನಿನ್ನ ಗಂಡನಾಗಿದ್ದ ತಿಮ್ಮೇಶ ನನ್ನ ಪಕ್ಕದ ಸೀಟಿನಲ್ಲಿದ್ದ. ಅವನು ನಡುಗುವುದನ್ನು ಕಣ್ತುಂಬ ನೋಡಬೇಕೆಂದು, ಆ ಕ್ಷಣವೇ ಮಾಡಬೇಕಾದ ಕೆಲಸವನ್ನು ಬೇಕೆಂದೇ ತಡ ಮಾಡಿದೆ. ಊರವರು ನನ್ನನ್ನು ಪ್ರಾಣ ಉಳಿಸಿದವನೆಂದು ಹೊಗಳಿದರು — ನೀನು ದೃಷ್ಟಿ ತೆಗೆದೆ. ಆದರೆ ನಿನಗೆ ನಾನು ಮಾಡಿದ ದ್ರೋಹ ಇದಲ್ಲ. ಅದು ಇದಕ್ಕಿಂತ ಹೊಲಸು, ಹೇಳುತ್ತೇನೆ.

ಸಖರಾಯಪಟ್ಟಣದ ಗುಡಿಯ ಮುಂದೆ, ಎರಡೂ ಕಡೆಯ ಹಿರಿಯರು ಕೂತಿದ್ದಾಗ, ಅವನು ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, ನಿನ್ನ ನಡತೆ ಸರಿಯಿಲ್ಲವೆಂದು ಪ್ರಮಾಣ ಮಾಡಿದ. ನಮ್ಮ ಕಡೆ ಕರ್ಪೂರ ಆರಿಸಿದ ಮೇಲೆ ಯಾರೂ ಸಾಕ್ಷಿ ಕೇಳುವುದಿಲ್ಲ. ಸುಳ್ಳಾಗಿದ್ದರೆ ದೇವರು ನೋಡಿಕೊಳ್ಳುತ್ತಾನೆ ಎಂದು ಪಂಚೆ ಕೊಡವಿಕೊಂಡು ಎದ್ದುಬಿಡುತ್ತಾರೆ. ಅಪ್ಪನೂ ಎದ್ದ. ಅವತ್ತಿನಿಂದ ನಿನ್ನ ಜೊತೆ ಮಾತು ಬಿಟ್ಟ. ತಿಮ್ಮೇಶ ಅದೇ ವರ್ಷ ಇನ್ನೊಂದು ಮದುವೆಯಾದ, ತೋಟ ಮಾಡಿದ, ಹೊಟ್ಟೆ ಬೆಳೆಸಿದ. ದೇವರು ಏನನ್ನೂ ನೋಡಿಕೊಳ್ಳಲಿಲ್ಲ. ನಾನು ನೋಡಿಕೊಳ್ಳುತ್ತೇನೆ ಎಂದು ಹಲ್ಲು ಕಚ್ಚಿ ಕಾದೆ.

ನಾನಾಗ ಕಾಫಿ ತೋಟದ ಸಾಹುಕಾರರೊಬ್ಬರ ಸಣ್ಣ ವಿಮಾನಕ್ಕೆ ಪೈಲಟ್ ಆಗಿದ್ದೆ. ಅಜ್ಜಂಪುರದಾಚೆಯ ಬಯಲಿನಲ್ಲಿ ಅವರದೇ ರನ್‌ವೇ ಇತ್ತು. ತಿಮ್ಮೇಶ ಕೊಬ್ಬರಿ ವ್ಯಾಪಾರದಿಂದ ಅವರಿಗೆ ಹತ್ತಿರವಾಗಿದ್ದ. ಲಿಂಗದಹಳ್ಳಿ ಕಡೆಯ ಬೆಟ್ಟದಡಿ ಯಾವುದೋ ಜಮೀನಿದೆ, ಮೇಲಿಂದ ತೋರಿಸಿಕೊಂಡು ಬಾ ಎಂದು ಸಾಹುಕಾರರು ಒಂದು ಬೆಳಿಗ್ಗೆ ಅವನನ್ನು ಹತ್ತಿಸಿಯೇ ಬಿಟ್ಟರು. ನನ್ನನ್ನು ನೋಡಿ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಓಹೋ, ನೀನೇನಾ ಡ್ರೈವರ್ರು? ಮೆಲ್ಲಗೆ ಬಿಡಪ್ಪಾ," ಅಂದ.

ಜಮೀನು ನೋಡಿ, ಲಕ್ಕವಳ್ಳಿ ಡ್ಯಾಮಿನ ಹಿನ್ನೀರಿನ ಮೇಲೆ ಸುತ್ತು ಹಾಕಿ ಇಳಿಮುಖವಾಗಿ ಬರುತ್ತಿದ್ದೆವು. ಮಳೆ ಬಿಟ್ಟ ಮೇಲಿನ ತೇವದ ಹವೆಯಲ್ಲಿ, ಎಂಜಿನ್ನಿನ ವೇಗ ತಗ್ಗಿಸಿ ಇಳಿಯುವಾಗ, ಕಾರ್ಬುರೇಟರಿನೊಳಗೆ ಮಂಜು ಕಟ್ಟುವುದುಂಟು. ಎಂಜಿನ್ನಿಗೆ ಉಸಿರು ಕಟ್ಟಿದಂತಾಗುತ್ತದೆ. ಮದ್ದು ಸುಲಭ — ಎದುರಿನ ಒಂದು ಗುಂಡಿಯನ್ನು ಎಳೆದರೆ ಬಿಸಿಗಾಳಿ ನುಗ್ಗಿ ಮಂಜು ಕರಗುತ್ತದೆ. ಆದರೆ ತಕ್ಷಣ ಎಳೆಯಬೇಕು. ತಡವಾದರೆ ಎಂಜಿನ್ ತಣ್ಣಗಾಗಿ, ಆ ಬಿಸಿಯೂ ಸಾಲದೆ ಹೋಗುತ್ತದೆ. ಎಂಜಿನ್ ಕೆಮ್ಮತೊಡಗಿದಾಗ ನನ್ನ ಕೈ ತಾನಾಗಿ ಆ ಗುಂಡಿಗೆ ಹೋಯಿತು. ಅಲ್ಲಿಯೇ ನಿಂತಿತು.

"ಏನಾಯ್ತೋ?" ಅಂದ. ಅವನ ದನಿ ಆಗಲೇ ತೆಳ್ಳಗಾಗಿತ್ತು. ಅಕ್ಕ, ಆ ದನಿ ಕೇಳಿ ನನಗಾದ ಸುಖ — ಸುಳ್ಳು ಹೇಳಲಾರೆ, ಅಂಥ ಸುಖ ಮತ್ತೆ ಸಿಕ್ಕಿಲ್ಲ.

"ಎಂಜಿನ್ ನಿಲ್ತಾ ಐತೆ ಬಾವ. ಕೆಳಗೆ ಬರೀ ನೀರು. ಅಕ್ಕನ ಮೇಲೆ ಇಟ್ಟ ಆಣೆ ನಿಜವೋ ಸುಳ್ಳೋ, ಈಗ್ಲೇ ಹೇಳ್ಬಿಡು."

ಅವನು ಸೀಟಿನ ಅಂಚನ್ನು ಹಿಡಿದುಕೊಂಡ. "ಸುಳ್ಳು ಕಣೋ. ಅವ್ಳು ಅಂಥೋಳಲ್ಲ. ನಂಗೆ ಬೇರೆ ಮದ್ವೆ ಬೇಕಾಗಿತ್ತು, ಅದ್ಕೇ ಕರ್ಪೂರ ಆರಿಸ್ಬಿಟ್ಟೆ. ನನ್ನ ಇಳಿಸ್ಬಿಡೋ ಚಂದ್ರು, ನಿನ್ ಕಾಲಿಗೆ ಬೀಳ್ತೀನಿ."

ಅಷ್ಟು ಸಾಕಿತ್ತು. ಅಲ್ಲಿಗೆ ಎಳೆದಿದ್ದರೆ ಎಂಜಿನ್ ಸರಿಹೋಗುತ್ತಿತ್ತೇನೋ. ನನಗೆ ಸಾಲಲಿಲ್ಲ. ಇನ್ನೊಂದು ಸಲ ಹೇಳಿಸಿದೆ, ಜೋರಾಗಿ ಹೇಳು ಎಂದೆ. ಅವನು ಅಳುತ್ತಾ ಹೇಳಿದ. ಆಮೇಲೆ ಗುಂಡಿ ಎಳೆದೆ — ಎಂಜಿನ್ ಗಡಗಡ ನಡುಗಿತು, ಮತ್ತೆ ಸತ್ತೇ ಹೋಯಿತು. ಆಗ ನಾನೂ ಹೆದರಿದೆ. ಅಷ್ಟರಲ್ಲಿ ನೀರು ದಾಟಿದ್ದೆವು. ಗಾಳಿಯಲ್ಲಿ ತೇಲಿಸಿಕೊಂಡು ಬಂದು, ತರೀಕೆರೆಯ ಈಚೆಗೆ ಜೋಳ ಕೊಯ್ದು ಖಾಲಿಬಿಟ್ಟಿದ್ದ ಹೊಲದಲ್ಲಿ ಇಳಿಸಿದೆ. ಇಬ್ಬರಿಗೂ ಒಂದು ತರಚುಗಾಯವೂ ಇಲ್ಲ.

ಅವನ ತಪ್ಪೊಪ್ಪಿಗೆಯನ್ನು ಅಂದೇ ಮನೆಗೆ ತಂದು ನಿನ್ನ ಮಡಿಲಿಗೆ ಹಾಕಬೇಕಾಗಿತ್ತು. ಆದರೆ ಅವನು ನಾನಂದುಕೊಂಡಷ್ಟು ದಡ್ಡನಲ್ಲ. ಜನ ಹಾರ ತರುವ ಮುಂಚೆ, ಹೊಲದ ಬದುವಿನ ಮೇಲೆ ಕೂತು, ಮುಖ ಒರೆಸಿಕೊಂಡು ಮೆಲ್ಲಗೆ ಅಂದ: "ಮೇಲೆ ಹೇಳಿದ್ದು ಮೇಲೇ ಇರ್ಲಿ. ನೀನು ಬಾಯಿ ಬಿಟ್ರೆ, ಆ ಗುಂಡಿ ಮೇಲೆ ಕೈ ಇಟ್ಕೊಂಡು ಎಷ್ಟೊತ್ತು ಸುಮ್ನೆ ಕೂತಿದ್ದೆ ಅಂತ ನಾನೂ ಬಾಯಿ ಬಿಡ್ತೀನಿ."

ಲೈಸೆನ್ಸ್ ಹೋಗುತ್ತದೆ, ಜೈಲಾದರೂ ಆದೀತು ಎಂದು ಹೆದರಿದೆ. ವಿಚಾರಣೆಗೆ ಬಂದ ಅಧಿಕಾರಿಗಳಿಗೆ, ತಕ್ಷಣವೇ ಎಳೆದೆ, ಫಲಿಸಲಿಲ್ಲ ಎಂದೆ. ನಂಬಿದರು.

ಆ ಸಂಜೆ ಕಡೂರಿನ ಮನೆಯಲ್ಲಿ ಅಪ್ಪ ಆಡಿದ ಮಾತನ್ನು ನೀನು ಅಡಿಗೆಮನೆಯಿಂದ ಕೇಳಿಸಿಕೊಂಡಿದ್ದೀಯ. "ದೇವ್ರೇ ಕೈಹಿಡ್ದು ಇಳ್ಸವ್ನೆ ಅವನ್ನ. ಸುಳ್ಳು ಆಣೆ ಇಟ್ಟೋನಾಗಿದ್ರೆ ಬಿಡ್ತಿದ್ನೇನೋ?"

ಇಳಿಸಿದವನು ನಾನು. ಸೇಡು ತೀರಿಸಿಕೊಳ್ಳಲು ಹೋಗಿ ಅವನ ಸುಳ್ಳಿಗೆ ದೇವರ ಮುದ್ರೆ ಒತ್ತಿಸಿಕೊಟ್ಟವನು ನಾನು. ಅದುವರೆಗೆ ಅಪ್ಪನ ಮನಸ್ಸಿನಲ್ಲಿ ಎಲ್ಲೋ ಒಂದು ಅನುಮಾನ ಇದ್ದಿರಬಹುದು — ನಿನ್ನ ಪರವಾದ ಅನುಮಾನ — ಅದನ್ನೂ ಆರಿಸಿದೆ. ಅಪ್ಪನ ಎದುರಿಗೇ ಕೂತು ಕಾಫಿ ಕುಡಿದೆ.

ನಾಳೆ ಅಧಿಕಾರಿಗಳ ಮುಂದೆ ನಿಜ ಹೇಳಿ ಲೈಸೆನ್ಸ್ ಒಪ್ಪಿಸುತ್ತೇನೆ. ಅಲ್ಲಿಂದ ನೇರ ತಿಮ್ಮೇಶನ ಮನೆಗೆ. ಅವನ ಹೆಂಡತಿ, ಅವನ ಮಕ್ಕಳ ಮುಂದೆ ಅವನಂದ ಒಂದೊಂದು ಮಾತನ್ನೂ ಹೇಳುತ್ತೇನೆ, ಹೇಗೆ ಅತ್ತ ಎಂಬುದನ್ನೂ. ನ್ಯಾಯಕ್ಕೆಂದು ಹೋಗುತ್ತಿದ್ದೇನೆ ಎಂದು ನಿನ್ನೆದುರು ನಟಿಸಲಾರೆ. ನನ್ನ ಹೊಟ್ಟೆಯ ಉರಿ ಇನ್ನೂ ತಣ್ಣಗಾಗಿಲ್ಲ, ಅವನ ವಿಷಯದಲ್ಲಿ ನನಗೆ ಪಶ್ಚಾತ್ತಾಪವೂ ಇಲ್ಲ.

ಆದರೆ ಅಪ್ಪನಿಗೆ ಇನ್ನು ಯಾರು ಹೇಳುತ್ತಾರೆ. ಅವನು ತೀರಿಕೊಂಡ ದಿನ ಬೆಳಿಗ್ಗೆ ನೀರು ಕೇಳಿದ. ನೀನು ಲೋಟ ತಂದೆ. ಬಂದವಳು ನೀನೆಂದು ತಿಳಿದು ಗೋಡೆಯ ಕಡೆ ಮುಖ ತಿರುಗಿಸಿದ. ಆಗಲೂ ನಾನು ಹೇಳಬಹುದಿತ್ತು, ಅವನಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ನಾನು ನಿನ್ನ ಕೈಯಿಂದ ಲೋಟ ತೆಗೆದುಕೊಂಡು, "ನಾನು ಕಣಪ್ಪಾ, ಚಂದ್ರು" ಅಂದೆ. ಅಪ್ಪ ಕುಡಿದ. ಸದ್ಯ ಕುಡಿದನಲ್ಲ ಎಂದು ನೀನು ನನ್ನ ಭುಜ ಮುಟ್ಟಿ ಒಳಗೆ ಹೋದೆ.