ಅಕ್ಕನ ರನಾತ್ ಮತ್ತು ಹನ್ನೆರಡು ಪಟ್ಟಿ

ಏಪ್ರಿಲ್ ೧೫, ಮಂಗಳವಾರ, ಬೆಳಗ್ಗೆ ೧೦.೨೦. ನವನಗರದ ನಮ್ಮ ಮನೆಯ ಕಪಾಟಿನ ಮೇಲಿಂದ ಅಕ್ಕನ ರನಾತ್ ಎಂಬ, ಕೋಲಿನಿಂದ ಬಡಿದು ನುಡಿಸುವ ವಾದ್ಯ ಕೆಳಗಿಳಿಸಿದೆವು. ಅಕ್ಕ ಬ್ಯಾಂಕಾಕಿನಲ್ಲಿ ಆರು ವರ್ಷ ಚಿಕ್ಕಮಕ್ಕಳಿಗೆ ಪಾಠ ಹೇಳಿ ಬಂದವಳು. ಅಲ್ಲಿ ಬಾಡಿಗೆಗೆ ಮನೆ ಕೊಟ್ಟಿದ್ದ ಅಜ್ಜಿ ಈ ವಾದ್ಯ ಕೊಟ್ಟು, ಒಂದೇ ಒಂದು ಹಾಡು ಕಲಿಸಿದ್ದಳು. ಅಜ್ಜಿ ಈಗಿಲ್ಲ. ಆ ಹಾಡು ಅಲ್ಲಿ ಕೇಳಿದಂತೆಯೇ ಮತ್ತೊಮ್ಮೆ ಕೇಳಬೇಕು, ಅಷ್ಟೇ ಅಕ್ಕನ ಆಸೆ.

ದೋಣಿಯಂಥ ಪೆಟ್ಟಿಗೆ, ಮೇಲೆ ಹಗ್ಗಕ್ಕೆ ಪೋಣಿಸಿದ ಇಪ್ಪತ್ತೊಂದು ಮರದ ಪಟ್ಟಿ. ಪ್ರತಿ ಪಟ್ಟಿಯ ಬುಡದಲ್ಲಿ, ಎರಡೂ ತುದಿಗೆ, ಸೀಸದ ಪುಡಿ ಕಲಸಿದ ಮೇಣ. ಮೇಣ ಹೆಚ್ಚಿದಷ್ಟು ಸ್ವರ ಇಳಿಯುತ್ತದೆ. ನಮ್ಮ ಬಿಸಿಲಿಗೆ ಎರಡು ಪಟ್ಟಿಗಳ ಮೇಣ ಉದುರಿತ್ತು.

ಹುನಗುಂದದಲ್ಲಿ ಬಸ್ಸು ಬದಲಿಸಿ ಇಳಕಲ್ಲಿನ ತಬಲಾ ಮಾಡುವ ಚಾಚಾನ ಅಂಗಡಿಗೆ ಒಯ್ದೆ. ಅವರು ಪಟ್ಟಿ ತಿರುವಿ ನಕ್ಕರು. "ನಮ್ಮ ತಬಲಾಕ್ಕ ಕರೀ ಶಾಯಿ ಮ್ಯಾಲೆ ಹಚ್ತೀವಿ, ಇದಕ್ಕ ಮೇಣ ಬುಡಕ. ಕೆಲಸ ಒಂದ."

ಹಾರ್ಮೋನಿಯಂ ಎದುರಿಗಿಟ್ಟು ಒಂದೊಂದೇ ಪಟ್ಟಿ ಬಡಿದರು; ಪಟ್ಟಿಯ ಅಳತೆ, ಸ್ವರ ಹಾರ್ಮೋನಿಯಂಗೆ ಕೂಡಿತೋ ಇಲ್ಲವೋ ಎಂಬುದನ್ನು ನಾನು ವಹಿಯಲ್ಲಿ ಬರೆದುಕೊಂಡೆ. ಒಂಬತ್ತು ಕೂಡಿದವು. ಹನ್ನೆರಡು ಕೂಡಲಿಲ್ಲ.

"ಎರಡಲ್ಲೋ ತಮ್ಮಾ, ಹನ್ನೆರಡು ಕೆಟ್ಟಾವು. ಎಲ್ಲಾ ಮಾಡ್ಲೇನು?"

"ಮಾಡ್ರಿ ಚಾಚಾ," ಅಂದೆ.

ಸಂಜೆ ೪.೪೦ಕ್ಕೆ ಇಪ್ಪತ್ತೊಂದೂ ಕೂಡಿದವು.

ಮರುದಿನ ಅಕ್ಕ ನುಡಿಸಲು ಕೂತು ಅರ್ಧಕ್ಕೇ ಕೋಲು ಕೆಳಗಿಟ್ಟಳು.

"ಏನ್ ಮಾಡಿಸ್ಕೊಂಡು ಬಂದೀಯೋ? ಸಾಲಿ ಪ್ರಾರ್ಥನಿ ಆಗೇತಿದು."

"ಬೇಸೂರ ಐತೇನು?"

"ಇಲ್ಲ. ಭಾಳ ಸೂರಿಗೆ ಬಂದೈತಿ."

ನನ್ನ ವಹಿ ತೆಗೆದೆ. ಪಟ್ಟಿಗಳನ್ನು ಏಳೇಳರಂತೆ ಎಣಿಸಿದರೆ ಮೂರು ಸಲವೂ ಎರಡನೆಯದು, ಮೂರನೆಯದು, ಆರನೆಯದು, ಏಳನೆಯದು: ಕೂಡದವು ಬರೀ ಅವೇ. ಕೆಡುವ ವಸ್ತು ಇಷ್ಟು ಲೆಕ್ಕ ಹಿಡಿದು ಕೆಡುವುದುಂಟೇ? ಅದೇ ಆ ದೇಶದವರ ಶ್ರುತಿಯಾಗಿದ್ದರೆ, ಕೆಟ್ಟದ್ದು ಎರಡು, ಕೆಡಿಸಿದ್ದು ಹತ್ತು. ಚಾಚಾಗೆ ಫೋನಿನಲ್ಲಿ ಹೇಳಿದೆ.

"ತಿರುಗಿ ಮಾಡ್ತೇನಿ. ಆದ್ರ ಎದಕ್ಕ ಕೂಡಿಸ್ಲಿ, ನೀನ ಹೇಳು."

ಮತ್ತೆ ವಹಿ ತಿರುವಿದೆ. ವಹಿಯಲ್ಲಿ ಪ್ರತಿ ಪಟ್ಟಿಯ ಉದ್ದ, ಅಗಲ ಇದೆ. ಮೊದಲು ಎಷ್ಟು ಮೇಣವಿತ್ತು, ಸ್ವರ ಎಷ್ಟು ಏರಿಳಿದಿತ್ತು ಎಂಬುದಿಲ್ಲ. ಅಕ್ಕನನ್ನು ಗುನುಗಲು ಕೇಳಿದೆ. ಮೂರು ಸಲ ಗುನುಗಿದಳು, ಮೂರೂ ಸಲ ಬೇರೆ. ಈಗ ಅವಳಿಗೂ ಅನುಮಾನ, ತಾನು ಅಲ್ಲಿ ಕೇಳಿದ್ದು ಯಾವುದು ಎಂದು.

ಚಾಚಾ ಮುಟ್ಟದ ಒಂಬತ್ತು ಪಟ್ಟಿ ಅಜ್ಜಿ ಕೊಟ್ಟಂತೆಯೇ ಇವೆ. ಅವುಗಳಿಂದ ಉಳಿದ ಹನ್ನೆರಡನ್ನು ಕಿವಿಯಿಂದಲೇ ಹುಡುಕುವ ಬಗೆ ಬಲ್ಲವರು ಯಾರಾದರೂ ಇದ್ದರೆ, ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿರಿ.