ಸೀರೆಯಳತೆಯ ಪಡಸಾಲೆ

ಬನಹಟ್ಟಿಯಿಂದ ಬೆಳಗಿನ ಬಸ್ಸಿಗೆ ಹೊರಟೆವು. ಹೆಂಗಸರಿಗೆ ಬಸ್ಸು ಪುಕ್ಕಟೆ, ಹೆಂಡತಿಗೆ ಟಿಕೆಟ್ಟಿನ ದುಡ್ಡಿಲ್ಲ, ಕಿಟಕಿ ಪಕ್ಕದ ಸೀಟು ಬೇರೆ. ದುಡ್ಡು ಕೊಟ್ಟ ನಾನು ಜಮಖಂಡಿಯವರೆಗೆ ನಿಂತೇ ಬಂದೆ. ನಮ್ಮ ಮಗ್ಗ ಮಾರಿಯಾಗಿತ್ತು, ಮುಂದಿನ ವಾರ ಮಗಳಿರುವ ಇಚಲಕರಂಜಿಗೆ ಹೋಗಿ ನೆಲೆಸುವವರಿದ್ದೆವು. ಅದಕ್ಕೂ ಮುಂಚೆ ಮುಧೋಳ ರಸ್ತೆಯ ಮೋಟೆಲ್ಲಿನ ಪಡಸಾಲೆಯಲ್ಲಿ ಒಮ್ಮೆ ಕೂತು ಬರಬೇಕೆಂದು ಇವಳ ಹಟ.

ಜಮಖಂಡಿಯಲ್ಲಿ ಮಿರ್ಚಿ ಭಜಿ ತಿಂದು, ಚಹಾ ಕುಡಿದು ಬಸ್ಸು ಬದಲಿಸಿದೆವು. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಚಳಿ ಇನ್ನೂ ಬಿಟ್ಟಿರಲಿಲ್ಲ.

ಇಳಿದಾಗ ಅಲ್ಲಿ ಮೋಟೆಲ್ ಇರಲಿಲ್ಲ. ರಸ್ತೆ ಅಗಲ ಮಾಡುವಾಗ ಒಡೆದರೆಂದು ಎದುರಿನ ಚಹಾದಂಗಡಿಯ ಅಜ್ಜಿ ಹೇಳಿದಳು. ಕಸದ ನಡುವೆ ಒಂದು ಕಂಬದ ಬುಡವಷ್ಟೇ ಉಳಿದಿತ್ತು.

ಆ ಮೋಟೆಲ್ ಕಟ್ಟಿಸಿದವನು ರಬಕವಿಯ ಒಬ್ಬ ಸೀರೆ ವ್ಯಾಪಾರಿ. ಕಲ್ಲಿನ ಗೋಡೆ, ಮಂಗಳೂರು ಹೆಂಚು, ಹಿಂದೆ ನಾಲ್ಕು ಪುಟ್ಟ ಕೋಣೆ. ಬೆಳಗಿನ ಬಿಸಿಲು ಪಡಸಾಲೆಗೆ ಬೀಳಲೆಂದು ಕಟ್ಟಡವನ್ನು ರಸ್ತೆಗೆ ಮಗ್ಗುಲಾಗಿಸಿ ಕಟ್ಟಿಸಿದ್ದ. ಗೋಡೆ ಕಟ್ಟುವ ಗೌಂಡಿಗೆ ಫೂಟಿನ ಲೆಕ್ಕವನ್ನೇ ಹೇಳಲಿಲ್ಲವಂತೆ. ಹದಿನೆಂಟು ಮೊಳದ ಸೀರೆ ನೆಲಕ್ಕೆ ಹಾಸಿ, ಎರಡು ತುದಿಗೆ ಎರಡು ಕಂಬ ನಿಲ್ಲಿಸೆಂದನಂತೆ. ತಂಗಿದ ನೇಕಾರರು ಬೆಳಿಗ್ಗೆ ಆ ಕಂಬಗಳ ನಡುವೆ ಸೀರೆ ಹಿಡಿದು ಗಿರಾಕಿಗಳಿಗೆ ತೋರಿಸುತ್ತಿದ್ದರು. ಮುಧೋಳದ ನನ್ನ ಮಾವನವರು ಸೀರೆ ಕೊಳ್ಳುವ ನೆವದಲ್ಲಿ ಇವಳನ್ನು ಇಲ್ಲಿಗೇ ಕರೆತಂದು ನನಗೆ ತೋರಿಸಿದ್ದರು. ಒಂದು ತುದಿ ನಾನು ಹಿಡಿದಿದ್ದೆ, ಇನ್ನೊಂದನ್ನು ಅವಳ ಕೈಗೆ ಕೊಟ್ಟಿದ್ದರು. ಸೀರೆಯನ್ನು ಯಾರು ನೋಡಿದರೋ ಗೊತ್ತಿಲ್ಲ, ನಾನಂತೂ ನೋಡಲಿಲ್ಲ.

ಇವಳು ಹಾಸಿ ಕೂರಲೆಂದು ತಂದಿದ್ದ ಹಳೆಯ ಸೀರೆಯನ್ನು ಚೀಲದಿಂದ ತೆಗೆದಳು. ಒಂದು ತುದಿಯನ್ನು ನನಗೆ ಕೊಟ್ಟು, ಕಂಬದ ಬುಡದ ಮೇಲೆ ನಿಲ್ಲಿಸಿ, ಇನ್ನೊಂದನ್ನು ಹಿಡಿದು ನಡೆದಳು. ಸೀರೆ ಮುಗಿಯುವ ಮೊದಲೇ ಡಾಂಬರು ಬಂತು. ಲಾರಿಯ ಹಾರ್ನ್ ಕೇಳಿ, ಹಿಂದೆ ಬಾ ಎಂದು ಕೂಗಿದೆ. ಅಂಚಿನಲ್ಲೇ ನಿಂತುಬಿಟ್ಟಳು.

“ನಾ ನಿಂತಿದ್ದ ಜಾಗಾದ ಮ್ಯಾಲ ಲಾರಿ ಹೊಂಟಾವ್ರಿ,” ಅಂದಳು. “ನಿಮ್ಮ ಕಂಬರ ಉಳದೈತಿ. ನೀವರ ಕುಂದರ್ರಿ.”

ನಾನು ಕೂರಲಿಲ್ಲ. ಊರು ಬಿಡುವ ಮಾತೆತ್ತಿದಾಗೆಲ್ಲ ತಮಾಷೆ ಮಾಡಿ ತೇಲಿಸುತ್ತಿದ್ದ ನಾನು ಸೀರೆಯ ತುದಿ ಸುತ್ತಿಕೊಳ್ಳುತ್ತ ಅವಳಿದ್ದ ಅಂಚಿನವರೆಗೆ ನಡೆದೆ.

ಮಧ್ಯಾಹ್ನ ಜಮಖಂಡಿಗೆ ಮರಳುವ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಬಸ್ಸು ಆ ಇನ್ನೊಂದು ಕಂಬದ ಜಾಗದ ಮೇಲೆ ಹಾಯುವಾಗ ಅವಳು ಎರಡೂ ಕಾಲನ್ನು ನೆಲದಿಂದ ಮೇಲೆತ್ತಿಕೊಂಡಳು. ನಾನೂ ಎತ್ತಿಕೊಂಡೆ.